ಬಿರಡೆ ಸಡಿಲಿಸದ ಮಧ್ಯಾಹ್ನ

ಹಾಡು ಶುರು ಮಾಡುವ ಮೊದಲು ಅದು ಯಾರದ್ದು ಎಂದು ಹೇಳಬೇಕು. ಯಾರು ಕಟ್ಟಿದ್ದು, ಯಾರಿಗಾಗಿ ಕಟ್ಟಿದ್ದು, ನಿನಗೆ ಯಾರಿಂದ ಬಂದದ್ದು. ಈ ಮೂರು ಮಾತು ಆಡದೆ ತಂತಿ ಮುಟ್ಟಬಾರದು. ಇದು ನಮ್ಮ ಪಕ್ಕದ ಮನೆಯಲ್ಲಿದ್ದ, ಹವಾಯಿ ದ್ವೀಪದ ಸಂಗೀತಗಾರರೊಬ್ಬರ ನಿಯಮ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಲು ಕೂತ ನಾನೂ ಆ ನಿಯಮವನ್ನು ಪಾಲಿಸಿಬಿಡುತ್ತೇನೆ. ಇಲ್ಲಿ ಕೇಳಲು ಚೆನ್ನಾಗಿರುವುದೆಲ್ಲ ಅವರದ್ದು. ತಪ್ಪು ನನ್ನದು.

ಅವರ ಹೆಸರನ್ನು ಬರೆಯುತ್ತಿಲ್ಲ. ಹೇಳಬೇಕಾದ ಕಡೆ, ಹೇಳಬೇಕಾದವರ ಮುಂದೆ ಹೇಳಿಯಾಗಿದೆ. ಕಾಗದದ ಮೇಲೆ ಬೇಡ ಎಂದು ಅವರ ಹೆಂಡತಿ ನೋರಾ ಕೇಳಿಕೊಂಡಿದ್ದಾರೆ. ಅವರ ದ್ವೀಪದಲ್ಲೂ ಒಬ್ಬರ ಮೇಲೆ ಹಾಡು ಕಟ್ಟಿದರೆ ಹಾಡಿನ ಒಳಗೆ ಆ ಹೆಸರನ್ನು ತರುವುದಿಲ್ಲವಂತೆ. ಹೂವು ಅನ್ನುತ್ತಾರಂತೆ, ಇಲ್ಲವೇ ಇಂಥ ಬೆಟ್ಟದ ಮಳೆ ಅನ್ನುತ್ತಾರಂತೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದೆ. ರಜೆ ದಿನಗಳಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಹವಾಯನ್ ಗಿಟಾರ್ ನುಡಿಸುತ್ತಿದ್ದೆ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ವಾದ್ಯ ಅದು. ಹಿಂದೆ ರೇಡಿಯೋದಲ್ಲಿ ಸಿನಿಮಾ ಹಾಡುಗಳನ್ನು ಮಾತಿಲ್ಲದೆ ಅದರಲ್ಲೇ ನುಡಿಸಿ ಹಾಕುತ್ತಿದ್ದರು. ನನಗೆ ಕಲಿಸಿದವರಿಗೆ ಹವಾಯಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅದು ಗಿಟಾರ್ ಮಾಡುವ ಕಂಪನಿಯ ಹೆಸರೆಂದು ನಾನು ಬಹಳ ಕಾಲ ತಿಳಿದಿದ್ದೆ. ಆರ್ಕೆಸ್ಟ್ರಾದಲ್ಲಿ ಯಾವ ಹಾಡು ಯಾರದ್ದು ಎಂದು ಯಾರೂ ಹೇಳುತ್ತಿರಲಿಲ್ಲ. ಒಂದೇ ಸಿನಿಮಾವನ್ನು ಮೂರು ಸಲ ನೋಡಿ, ಹಾಡಿನ ನಡುವಿನ ತುಣುಕುಗಳನ್ನು ಕಿವಿಯಲ್ಲೇ ಎತ್ತಿಕೊಂಡು ಬರುತ್ತಿದ್ದೆವು. ಎತ್ತಿಕೊಂಡು ಬರುವುದೇ ನಮ್ಮ ವಿದ್ಯೆ. ಹಾಡುವವರಿಗೆ ಮೈಕ್, ಹಾರ. ಹಿಂದೆ ಕುರ್ಚಿಯಲ್ಲಿ ಕೂತ ನನ್ನ ಹೆಸರನ್ನು ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಮಗಳು ಡಬ್ಲಿನ್ನಿನಿಂದ ಎರಡು ಗಂಟೆ ದಾರಿಯ ವಾಟರ್‌ಫರ್ಡಿನಲ್ಲಿ ಡಾಕ್ಟರ್. ಅವಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿ ಸರೋಜಳೂ ಇಲ್ಲಿಗೆ ಬಂದೆವು, ಆಮೇಲೆ ಇಲ್ಲೇ ಉಳಿದೆವು. ಬಂದ ಮೂರನೇ ವಾರ ಹಿತ್ತಿಲಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದೆ. ಗೋಡೆಯಾಚೆಯಿಂದ ಗಿಟಾರಿನ ದನಿ ಬಂತು. ಉಕ್ಕಿನ ಕಡ್ಡಿ ಜಾರುವ ದನಿ. ಇಪ್ಪತ್ತು ವರ್ಷದಿಂದ ನಾನು ಅದನ್ನು ಕೇಳಿರಲಿಲ್ಲ. ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಇಣುಕಿದೆ.

ಶೆಡ್ಡಿನ ಬಾಗಿಲಲ್ಲಿ ಬೆಟ್ಟದಂಥ ಮನುಷ್ಯ ಕೂತಿದ್ದರು. ಫೆಬ್ರವರಿ ಚಳಿಯಲ್ಲಿ ಹೂವಿನ ಚಿತ್ರದ ಅರ್ಧ ತೋಳಿನ ಅಂಗಿ, ಬರಿಗಾಲಿಗೆ ಹವಾಯಿ ಚಪ್ಪಲಿ, ತಲೆಗೆ ಮಾತ್ರ ಉಣ್ಣೆಯ ಟೋಪಿ. ನನ್ನ ತಲೆ ಕಂಡಾಗ ನುಡಿಸುವುದನ್ನು ನಿಲ್ಲಿಸಲಿಲ್ಲ, ಎರಡೂ ಹುಬ್ಬು ಮೇಲೆತ್ತಿದರು ಅಷ್ಟೆ. ಅದು ಅವರ ದ್ವೀಪದ ನಮಸ್ಕಾರ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಕೆಟ್ ಮುರಿದು ನಾನು ಕೆಳಗೆ ಬಿದ್ದೆ. ನೋರಾ ಓಡಿಬಂದರು. ಹತ್ತು ನಿಮಿಷದ ಮೇಲೆ ನಾನು ಅವರ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದೆ.

ಅವರ ಇಂಗ್ಲಿಷಿನಲ್ಲಿ ದ್ವೀಪವೂ ವಾಟರ್‌ಫರ್ಡೂ ಕಲೆಸಿಹೋಗಿದ್ದವು. ನನ್ನದು ಕಾರ್ಖಾನೆಯ ಇಂಗ್ಲಿಷ್. ಉಳಿದದ್ದನ್ನು ಕೈಸನ್ನೆಯಲ್ಲಿ ತುಂಬಿಸಿಕೊಳ್ಳುತ್ತಿದ್ದೆವು. ಏನೆಂದು ಕರೆಯಲಿ ಎಂದು ಕೇಳಿದೆ. ನಮ್ಮ ಕಡೆ ವಯಸ್ಸಾದವರೆಲ್ಲ ಅಂಕಲ್, ಹಾಗೇ ಕರಿ ಎಂದರು. ನಮ್ಮ ಬೆಂಗಳೂರಿನಲ್ಲೂ ಹಾಗೇ ಎಂದೆ. ಕಂಪನಿಯ ಹೆಸರಿನ ಕತೆಯನ್ನೂ ಹೇಳಿದೆ. ಅವರು ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ಆಮೇಲೆ ನನ್ನ ಪರಿಚಯ ಮಾಡಿಸುವಾಗಲೆಲ್ಲ, "ಇವನು ನಮ್ಮ ಕಂಪನಿಯವನು" ಅನ್ನುತ್ತಿದ್ದರು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೋಟೆಲ್ ಬ್ಯಾಂಡಿನ ಜೊತೆ ಯುರೋಪಿಗೆ ಬಂದವರು. ಇಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಮಳೆಯಲ್ಲಿ ಬಸ್‌ಸ್ಟಾಪಿನಲ್ಲಿ ನಿಂತಿದ್ದರು. ಬಸ್ ಬರಲಿಲ್ಲ. ಕೊಡೆ ಹಿಡಿದ ಹುಡುಗಿಯೊಬ್ಬಳು ಬಂದಳು. ಬ್ಯಾಂಡು ಮುಂದೆ ಹೋಯಿತು, ಇವರು ಉಳಿದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಟ್ರಾಲಿ ತಳ್ಳಿದರು. ಆಪರೇಷನ್ನಿಗೆ ಕರೆದೊಯ್ಯುವಾಗ ಲಿಫ್ಟಿನಲ್ಲಿ ಏನಾದರೂ ಗುನುಗುತ್ತಿದ್ದರಂತೆ. ಹಳೆಯ ನರ್ಸುಗಳು ಈಗಲೂ ಅದನ್ನು ಹೇಳುತ್ತಾರೆ ಎಂದು ಮಗಳು ಹೇಳುತ್ತಾಳೆ.

ಅವರ ದ್ವೀಪದಲ್ಲಿ ಒಂದೊಂದು ಕಡೆಯ ಮಳೆಗೆ ಒಂದೊಂದು ಹೆಸರು. ಇಲ್ಲಿನ ಮಳೆಗೆ ಹೆಸರೇ ಇಲ್ಲದ್ದು ಕಂಡು ಅವರಿಗೆ ಸಂಕಟವಾಯಿತಂತೆ. ತಾವೇ ಇಡುತ್ತ ಹೋದರು. ಬಟ್ಟೆ ಹರವಿದ ತಕ್ಷಣ ಬರುವುದಕ್ಕೆ ನೋರಾ ಅವರ ಅಕ್ಕನ ಹೆಸರು. ಬಿಸಿಲಿನೊಳಗೇ ಸುರಿಯುವುದು 'ಪಾದ್ರಿಯ ನಗು'. ಸರೋಜ ಬಂದ ಮೇಲೆ, ಸದ್ದಿಲ್ಲದೆ ಬಂದು ಪೂರ್ತಿ ತೋಯಿಸಿ ಹೋಗುವ ಮಳೆಗೆ 'ಸರೋಜ' ಎಂದರು. ಅವಳಿಗೆ ಸಿಟ್ಟೇನೂ ಬರಲಿಲ್ಲ. ಅವತ್ತೇ ಚಿತ್ರಾನ್ನ ಮಾಡಿ ಗೋಡೆಯ ಮೇಲಿಂದ ಕೊಟ್ಟಳು.

ಎಡಗೈ ಕಿರುಬೆರಳಿನ ತುದಿ ಅವರಿಗಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಅನಾನಸ್ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಹೋದದ್ದು. ಅಲ್ಲಿ ಅವರ ಪಕ್ಕದಲ್ಲಿ ಹಣ್ಣು ಆರಿಸುತ್ತಿದ್ದ ಹೆಂಗಸೇ ಅವರ ಗುರು. ಇಡೀ ದಿನ ಹಣ್ಣಿನ ಮುಂದೆ ನಿಂತು, ಬಾಯಲ್ಲೇ ಹಾಡು ಕಟ್ಟುತ್ತಿದ್ದಳಂತೆ. ಇವತ್ತು ಆ ದ್ವೀಪದಲ್ಲಿ ಮದುವೆಗೆ, ಸಾವಿಗೆ ಹಾಡುವುದರಲ್ಲಿ ಎಷ್ಟೋ ಅವಳವು. ಆದರೆ ರೆಕಾರ್ಡಿನ ಮೇಲೆ ಇರುವುದು ಹೋಟೆಲ್ ಬ್ಯಾಂಡಿನ ಯಜಮಾನನ ಹೆಸರು. ಹೀಗೆ ಹೇಳುವಾಗ ಅವರು ಯಾವಾಗಲೂ ಚಹಾದ ಬಟ್ಟಲನ್ನು ಕೆಳಗಿಟ್ಟುಬಿಡುತ್ತಿದ್ದರು. ದೇಶ ಕಳೆದುಕೊಂಡು, ಕೋಣೆಯಲ್ಲಿ ಬಂದಿಯಾಗಿದ್ದರೂ ಹಾಡು ಬರೆದ ತಮ್ಮ ಕೊನೆಯ ರಾಣಿಯ ಕತೆ, ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟನ್ನು ತಂತಿಯ ಮೇಲೆ ಜಾರಿಸಿ ನಮ್ಮ ಈ ವಾದ್ಯವನ್ನೇ ಹುಟ್ಟಿಸಿದ ಶಾಲೆಯ ಹುಡುಗನ ಕತೆ, ಇವನ್ನೆಲ್ಲ ನಗುತ್ತ ಹೇಳುತ್ತಿದ್ದರು. ಗುರುವಿನ ಕತೆಯನ್ನು ಮಾತ್ರ ನಗದೆ ಹೇಳುತ್ತಿದ್ದರು.

ಅವರೂ ಸುಮಾರು ನಲವತ್ತು ಹಾಡು ಕಟ್ಟಿದ್ದರು. ಕೆಲವು ದ್ವೀಪದಲ್ಲಿ ಹೆಸರಾಗಿವೆ. ಆಗಾಗ ಅಲ್ಲಿಂದ ಯಾರಾದರೂ ಎಳೆಯ ಗಿಟಾರಿಸ್ಟ್ ಫೋನ್ ಮಾಡಿ, ಅಂಕಲ್, ನಿಮ್ಮ ಇಂಥದ್ದನ್ನು ನುಡಿಸಬಹುದೇ ಎಂದು ಅಪ್ಪಣೆ ಕೇಳುತ್ತಿದ್ದರು. ಅರ್ಧ ಭೂಮಿಯ ಆಚೆಯಿಂದ ಅಪ್ಪಣೆ. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಅವರು ಎರಡು ರೀತಿ ನುಡಿಸುತ್ತಿದ್ದರು. ಒಂದು, ನನಗೂ ಗೊತ್ತಿದ್ದ ಉಕ್ಕಿನ ಕಡ್ಡಿಯದು. ಇನ್ನೊಂದು, ಗಿಟಾರನ್ನು ಎದೆಗಪ್ಪಿಕೊಂಡು ಬೆರಳಲ್ಲೇ ನುಡಿಸುವುದು. ಅದಕ್ಕೆ ತಂತಿಗಳನ್ನು ಮಾಮೂಲಿಗಿಂತ ಕೆಳಗೆ ಇಳಿಸಿ ಬೇರೆಯೇ ಶ್ರುತಿ ಮಾಡುತ್ತಾರೆ. ಯಾವ ತಂತಿಯನ್ನು ಎಷ್ಟು ಇಳಿಸಬೇಕೆಂಬುದು ಒಂದೊಂದು ಮನೆಯ ಗುಟ್ಟು. ಅವರು ನಮಗೆ ಬೆನ್ನು ಹಾಕಿ ಶ್ರುತಿ ಮಾಡುತ್ತಿದ್ದರು. ಮುಗಿದ ಮೇಲೆ ತಂತಿ ಬಿಗಿಸುವ ಆರೂ ಬಿರಡೆಗಳನ್ನು ಸಡಿಲಿಸಿಯೇ ಗಿಟಾರನ್ನು ಕೆಳಗಿಡುತ್ತಿದ್ದರು. ಮತ್ತೆ ಯಾರು ಎತ್ತಿಕೊಂಡರೂ ಗುಟ್ಟು ಸಿಗಬಾರದು. ಒಂದು ದಿನವೂ ತಪ್ಪಿದ್ದಿಲ್ಲ.

ಆ ಶ್ರುತಿಯಲ್ಲೇ ಅವರು ನೋರಾಗಾಗಿ ಕಟ್ಟಿದ ಒಂದು ಟ್ಯೂನ್ ಇತ್ತು. ಮಾತಿಲ್ಲ, ಬರೀ ತಂತಿ. 'ಬಸ್‌ಸ್ಟಾಪಿನ ಮಳೆ' ಅನ್ನುತ್ತಿದ್ದರು. ಕೇಳುತ್ತಿದ್ದರೆ ಯಾರೋ ನಿಮ್ಮನ್ನು ಕೊಡೆಯೊಳಗೆ ಕರೆದಂತೆ ಇರುತ್ತಿತ್ತು. ನನಗೆ ಅದು ಬೇಕಾಗಿತ್ತು. ಕೇಳಲು ನಾಚಿಕೆ.

ಹೋದ ಅಕ್ಟೋಬರಿನ ಒಂದು ಮಧ್ಯಾಹ್ನ ಅದನ್ನೇ ನುಡಿಸಿ ಮುಗಿಸಿದರು. ಸೋಡಾ ಬ್ರೆಡ್ ಓವನ್ನಿನಲ್ಲಿದೆ, ನೋಡಿ ಬರುತ್ತೇನೆ ಎಂದು ಎದ್ದರು. ಗಿಟಾರನ್ನು ಕುರ್ಚಿಗೆ ಒರಗಿಸಿದರು. ಬಿರಡೆಗಳನ್ನು ಮುಟ್ಟಲಿಲ್ಲ. ನಾನು ಬಾಗಿಲು ನೋಡಿದೆ, ಗಿಟಾರ್ ನೋಡಿದೆ. ಒಂದೊಂದೇ ತಂತಿಯನ್ನು ಮೆಲ್ಲಗೆ ಮೀಟಿ, ಸ್ವರವನ್ನು ಬಲ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ, ಬರೆಯುವುದಕ್ಕೆ ನನಗೆ ಎಡಗೈಯೇ. ಅವರು ಬ್ರೆಡ್ ಹಿಡಿದು ಬಂದಾಗ ಆ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಬಿಸಿ ಬ್ರೆಡ್ಡನ್ನು ಎಡಗೈಯಲ್ಲಿ ತಿಂದೆ.

ನವೆಂಬರಿನಲ್ಲಿ ಡಬ್ಲಿನ್ ಪಕ್ಕದ ಕ್ಲಾಂಡಾಲ್ಕಿನ್ನಿನ ಹಾಲ್ ಒಂದರಲ್ಲಿ ನಮ್ಮ ಕನ್ನಡಿಗರ ರಾಜ್ಯೋತ್ಸವ. ಹಿರಿಯರ ಪರವಾಗಿ ಏನಾದರೂ ನುಡಿಸಿ ಎಂದು ನನ್ನನ್ನು ಕೇಳಿದರು. ಮಗಳು ಕೊಡಿಸಿದ್ದ ಗಿಟಾರಿನಲ್ಲಿ ಸಿನಿಮಾ ಹಾಡು ನುಡಿಸಬಹುದಿತ್ತು. ನಾನು ಬಸ್‌ಸ್ಟಾಪಿನ ಮಳೆಯನ್ನು ನುಡಿಸಿದೆ. ಓಡಾಡುತ್ತಿದ್ದ ಮಕ್ಕಳು ಕೂಡ ನಿಂತು ಕೇಳಿದವು. ನಿರೂಪಣೆ ಮಾಡುತ್ತಿದ್ದವನು ಹುಬ್ಬಳ್ಳಿಯ ಇಮ್ತಿಯಾಜ್, ಸಾಫ್ಟ್‌ವೇರಿನವನು, ತಾನೂ ಗಿಟಾರ್ ನುಡಿಸುವವನು. ಮೈಕ್ ತಂದು ನನ್ನ ಬಾಯಿಯ ಮುಂದೆ ಹಿಡಿದ.

"ಭಾಳ ಛಲೋ ಇತ್ರಿ ಸರ್. ಯಾರ ಟ್ಯೂನ್ ರೀ ಇದು?"

ಜೀವಮಾನದಲ್ಲಿ ಮೊದಲ ಸಲ ನನ್ನ ಮುಂದೆ ಮೈಕ್ ಬಂದಿತ್ತು.

"ನಂದೇ," ಎಂದೆ.

ಚಪ್ಪಾಳೆ ಬಿತ್ತು. ವಿಡಿಯೋದ ಕೆಳಗೆ 'ಸ್ವಂತ ರಚನೆ' ಎಂದು ಹಾಕಿದರು. ಪ್ರತಿ ಕಾರ್ಯಕ್ರಮದ ಆರಂಭಕ್ಕೂ ಇದನ್ನೇ ಹಾಕೋಣ ಎಂದು ತೀರ್ಮಾನವಾಯಿತು. ಮನೆಗೆ ಬರುವಾಗ ಕಾರಿನಲ್ಲಿ ಮಗಳು ಗ್ರ್ಯಾಂಡ್ ಆಗಿತ್ತಪ್ಪ ಎಂದಳು. ಸರೋಜ ಕಿಟಕಿಯ ಕಡೆ ನೋಡುತ್ತಿದ್ದಳು.

"ಗೋಡೆ ಆಚೆ ನುಡಿಸಿದ್ದು ನಂಗೂ ಕೇಳುತ್ತೆ ರೀ," ಎಂದಳು. ಅಷ್ಟೇ.

ಮರುದಿನದಿಂದ ನನಗೆ ಮಂಡಿ ನೋವು. ಪಕ್ಕದ ಮನೆಗೆ ಹೋಗದಿರಲು ನಾನೇ ಹುಟ್ಟಿಸಿಕೊಂಡದ್ದು. ಗುರುವಿನ ಹಾಡು ಕದ್ದವನ ಕತೆ ಹೇಳುವಾಗ ಅವರು ಬಟ್ಟಲು ಕೆಳಗಿಡುತ್ತಿದ್ದುದು ಕಣ್ಣೆದುರು ಬರುತ್ತಿತ್ತು. ಆ ಯಜಮಾನ ನಾನೇ ಆಗಿದ್ದೆ. ಅಂಕಲ್ ಗೋಡೆಯಾಚೆಯಿಂದ ಕಂಪನೀ ಎಂದು ಕೂಗಿದರೆ, ಮಲಗಿದ್ದಾರೆ ಎಂದು ಹೇಳು ಅಂತ ಸರೋಜಳಿಗೆ ಸನ್ನೆ ಮಾಡುತ್ತಿದ್ದೆ. ಅವಳು ಸುಳ್ಳು ಹೇಳಲಿಲ್ಲ. "ಅವರಿಗೆ ಹುಷಾರಿಲ್ಲ," ಎಂದಳು. ಅದು ನಿಜವೇ ಆಗಿತ್ತು.

ಫೆಬ್ರವರಿಯಲ್ಲಿ ಅಂಕಲ್‌ಗೆ ಸ್ಟ್ರೋಕ್ ಆಯಿತು. ತಾವು ಟ್ರಾಲಿ ತಳ್ಳಿದ ಆಸ್ಪತ್ರೆಯಲ್ಲೇ ಮಲಗಿದರು. ಎಡಗೈ ಬಿದ್ದುಹೋಯಿತು. ಮಾತು ನಿಧಾನವಾಯಿತು, ಆದರೆ ಇತ್ತು. ಇನ್ನೊಂದು ಸ್ಟ್ರೋಕ್ ಆದರೆ ಮಾತೂ ಉಳಿಯಲಿಕ್ಕಿಲ್ಲ ಎಂದಳು ಮಗಳು. ನಾನು ಆಗಲೂ ಹೋಗಲಿಲ್ಲ. ಸರೋಜ ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು.

"ನಿಮ್ಮ ಮಂಡಿ ಹೇಗಿದೆ ಅಂತ ಕೇಳಿದ್ರು. ಅರ್ಧ ಮೈ ಬಿದ್ದೋಗಿರೋರು ನಿಮ್ಮ ಮಂಡಿ ಕೇಳ್ತಾರೆ. ಹೋಗಿ ತೋರ್ಸಿ ಬನ್ನಿ."

ಮಾರನೆಯ ದಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಂಡೆ. ಅವರ ಮಂಚದ ಪಕ್ಕ ಕೂತಾಗ ಒಂದೂ ನೆನಪಿಗೆ ಬರಲಿಲ್ಲ. ಹುಬ್ಬು ಎತ್ತಿದರು, ಬಲಗಡೆಯದು ಮಾತ್ರ ಎದ್ದಿತು.

"ಅಂಕಲ್, ನಿಮ್ಮ ಬಸ್‌ಸ್ಟಾಪಿನ ಮಳೆ ಕದ್ದುಬಿಟ್ಟೆ," ಎಂದೆ. ಅಂಗೈ ಮೇಲೆ ಬರೆದುಕೊಂಡದ್ದು, ಹಾಲ್, ಮೈಕ್, ನಂದೇ ಎಂದದ್ದು, ಮಂಡಿಯ ಸುಳ್ಳು, ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನಾಲ್ಕನೇ ತಂತಿ ಎಷ್ಟಕ್ಕೆ ಇಳಿಸಿದೆ?" ಎಂದರು.

ಗುನುಗಿ ತೋರಿಸಿದೆ.

"ತಪ್ಪು. ಇನ್ನೂ ಕೆಳಗೆ." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ಬಿರಡೆ ಸಡಿಲಿಸೋದು ಅವತ್ತು ನಾನು ಮರೆತೆ ಅಂದುಕೊಂಡ್ಯಾ? ಓವನ್ ನೋಡೋಕೆ ಮನೇಲಿ ನೋರಾ ಇದ್ಲು. ನಮ್ಮ ಗುರು ನಂಗೆ ಕೊಟ್ಟಿದ್ದೂ ಹೀಗೇ. ಕೋಳಿಗೆ ಕಾಳು ಹಾಕ್ತೀನಿ ಅಂತ ಎದ್ದು ಹೋದ್ಲು. ಕೈಯಾರೆ ಕೊಡಲ್ಲ. ಎದ್ದು ಹೋಗ್ತೀವಿ ಅಷ್ಟೆ."

ನಾಲ್ಕು ತಿಂಗಳು ಎದೆಯ ಮೇಲಿದ್ದ ಕಲ್ಲು ಕೆಳಗೆ ಇಳಿದಂತಾಯಿತು. ನಾನು ನಕ್ಕೆನೋ ಏನೋ. ಅವರು ನಗಲಿಲ್ಲ.

"ಶ್ರುತಿ ಕೊಟ್ಟೆ. ಹೆಸರು ಕೊಟ್ಟಿರಲಿಲ್ಲ," ಎಂದರು. "ಅದು ನೋರಾಳದ್ದು."

ಆಮೇಲೆ, ಇಷ್ಟು ವರ್ಷ ಹೇಳದೆ ಬಿಟ್ಟಿದ್ದ ಭಾಗವನ್ನು ಹೇಳಿದರು. ಹೋಟೆಲ್ ಬ್ಯಾಂಡಿನ ಯಜಮಾನ ಅವರ ಗುರುವಿನ ಹಾಡನ್ನು ತನ್ನದೆಂದು ಹೇಳುವಾಗ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದವರು ಇವರೇ. ಯುರೋಪಿಗೆ ಬರುವ ಆಸೆಗೆ ಸುಮ್ಮನಿದ್ದರು. ಒಂದು ದಿನ ಹೋಗಿ ಅವಳ ಮುಂದೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ಹನ್ನೊಂದು ವರ್ಷ ಕಳೆದರು. ಹೋಗುವಷ್ಟರಲ್ಲಿ ಅವಳು ಇರಲಿಲ್ಲ. ಅಂದಿನಿಂದ ಅವರು ಮೂರು ಮಾತು ಹೇಳದೆ ತಂತಿ ಮುಟ್ಟಿದ್ದಿಲ್ಲ.

"ನಾನು ಹೊತ್ತಿಗೆ ಹೋಗಲಿಲ್ಲ. ನೀನು ಬಸ್ ಹತ್ತಿ ಬಂದೆ," ಎಂದರು. ಬಲಗೈಯಿಂದ ನನ್ನ ಅಂಗೈ ಬಿಡಿಸಿ ನೋಡಿದರು, ಶಾಯಿ ಇನ್ನೂ ಅಲ್ಲಿದೆಯೇನೋ ಎಂಬಂತೆ. "ಅದೇ ಹಾಲ್. ಅದೇ ಜನ. ಅದೇ ಮೈಕ್. ಹೇಳಿ ಬಾ. ಆಮೇಲೆ ಅದನ್ನ ಯಾರಿಗೆ ಬೇಕಾದ್ರೂ ಕೊಡು, ಹೆಸರು ಕೇಳೋನಾಗಿದ್ರೆ ಸಾಕು."

ಯುಗಾದಿ ಕಾರ್ಯಕ್ರಮಕ್ಕೆ ಹೋದೆವು. ಇಮ್ತಿಯಾಜ್ ನನ್ನನ್ನು ಸ್ವಂತ ರಚನೆಯ ಅಜ್ಜನೆಂದು ಕರೆಯುತ್ತಿದ್ದಂತೆ ಮೈಕ್ ಕೇಳಿ ತೆಗೆದುಕೊಂಡೆ.

"ಹೋದ ಸಲ ಇದೇ ಮೈಕಿನಲ್ಲಿ ನಾನೊಂದು ಸುಳ್ಳು ಹೇಳಿದೆ," ಎಂದೆ. ಕಟ್ಟಿದವರ ಹೆಸರು ಹೇಳಿದೆ. ನೋರಾಗಾಗಿ ಕಟ್ಟಿದ್ದು ಎಂದೆ. ನನಗೆ ಹೇಗೆ ಬಂತು ಎಂದೂ ಹೇಳಿದೆ. ಜನ ಎದ್ದು ಹೋಗುತ್ತಾರೆ, ಕಡೇಪಕ್ಷ ಗುಸುಗುಸು ಮಾಡುತ್ತಾರೆ ಎಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿದ್ದ, ಮೇನೂತಿನಿಂದ ಬಂದಿದ್ದ ಅಜ್ಜಿಯೊಬ್ಬರು ಕತ್ತು ಎತ್ತಿ, "ಅವರು ಈಗ ಹೇಗಿದಾರೆ?" ಎಂದು ಕೇಳಿದರು. ಆಗ ನನ್ನ ಕಣ್ಣಲ್ಲಿ ನೀರು ಬಂತು. ಇಮ್ತಿಯಾಜ್ ಫೋನ್ ತೆಗೆದು, "ಹೆಸರು ಇನ್ನೊಮ್ಮೆ ಹೇಳ್ರಿ ಸರ್. ವಿಡಿಯೋದ ಕೆಳಗ ತಿದ್ದಬೇಕು," ಎಂದ. ನಾಲ್ಕನೇ ತಂತಿಯನ್ನು ಇನ್ನಷ್ಟು ಇಳಿಸಿ ನುಡಿಸಿದೆ.

ಕಾರು ಹೊರಟು ಸ್ವಲ್ಪ ದೂರ ಬಂದ ಮೇಲೆ ಸರೋಜ ಡಬ್ಬಿ ತೆಗೆದು ಒಂದು ಕೋಡುಬಳೆ ನನ್ನ ಕೈಗಿಟ್ಟಳು. "ತಿನ್ನಿ," ಎಂದಳು. ಬಲಗೈಯಲ್ಲೇ ತಿಂದೆ.

ನೋರಾ ಆ ವಿಡಿಯೋವನ್ನು ಅಂಕಲ್‌ಗೆ ಎರಡು ಸಲ ತೋರಿಸಿದರಂತೆ. ನಾಲ್ಕನೇ ತಂತಿ ಇನ್ನೂ ಕೂದಲೆಳೆಯಷ್ಟು ಮೇಲಿದೆ ಎಂದರಂತೆ ಅಂಕಲ್. ಆಮೇಲೆ, ಪರವಾಗಿಲ್ಲ, ಅವನೂ ಸ್ವಲ್ಪ ಇರಲಿ ಅದರಲ್ಲಿ ಎಂದರಂತೆ. ಕೆಲವು ವಾರಗಳಲ್ಲೇ ಹೋದರು. ಬೆಳಗ್ಗೆ, ಬಿಸಿಲಿನ ನಡುವೆ ಪಾದ್ರಿಯ ನಗು ಬರುತ್ತಿದ್ದಾಗ. ಅಂತ್ಯಕ್ರಿಯೆಯ ದಿನ ಅಂಕಲ್ ಅವರ ಗಿಟಾರನ್ನೇ ನೋರಾ ನನ್ನ ಕೈಗೆ ಕೊಟ್ಟು ನುಡಿಸು ಎಂದರು. ಮೂರು ಮಾತು ಹೇಳಿ ನುಡಿಸಿದೆ. ಮುಗಿದ ಮೇಲೆ ಆರೂ ಬಿರಡೆಗಳನ್ನು ಸಡಿಲಿಸಿ ಅವರಿಗೆ ಹಿಂತಿರುಗಿಸಿದೆ. ನೋರಾ ಎರಡೂ ಹುಬ್ಬು ಎತ್ತಿದರು.

ಹೋದ ಭಾನುವಾರ ಇಮ್ತಿಯಾಜ್ ಡಬ್ಲಿನ್ನಿನಿಂದ ಮನೆಗೆ ಬಂದಿದ್ದ. ಅಂಕಲ್ ಬಗ್ಗೆ ಇನ್ನೂ ತಿಳಿಯಬೇಕಂತೆ. ಅವರ ಗುರು ಯಾರು, ಆ ಗುರುವಿಗೆ ಕಲಿಸಿದವರು ಯಾರು, ಒಂದೊಂದನ್ನೂ ಕೇಳಿ ಬರೆದುಕೊಂಡ. ಟ್ಯೂನ್ ಕಲಿಸಿರಿ ಎಂದು ಮಾತ್ರ ಬಾಯಿಬಿಟ್ಟು ಕೇಳಲಿಲ್ಲ. ಅವನಿಗೆ ಬೆನ್ನು ಹಾಕಿ ಶ್ರುತಿ ಮಾಡಿದೆ. ಮೂರು ಮಾತು ಹೇಳಿ ನುಡಿಸಿದೆ. ಆಮೇಲೆ ಗಿಟಾರನ್ನು ಸೋಫಾಕ್ಕೆ ಒರಗಿಸಿ, ಟೀ ಆಗಿದೆಯಾ ನೋಡಿ ಬರ್ತೀನಿ ಎಂದು ಎದ್ದೆ.

ಅಡಿಗೆಮನೆಯಲ್ಲಿ ಸರೋಜ ಟೀ ಸೋಸುತ್ತಿದ್ದಳು. ನಡುಮನೆಯಿಂದ ಒಂದು ತಂತಿಯ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಅವಳು ಕಿವಿಗೊಟ್ಟಳು.

"ರೀ, ನಿಮ್ಮ ಗಿಟಾರ್ ಮುಟ್ತಿದಾನೆ ಅವನು."

"ಮುಟ್ಲಿ ಬಿಡು," ಎಂದು ಕುರ್ಚಿ ಎಳೆದುಕೊಂಡು ಕೂತೆ. "ನನ್ನ ಟೀ ಇಲ್ಲೇ ಕೊಡು. ಇನ್ನೂ ನಾಲ್ಕು ತಂತಿ ಇದೆ."